ಕೆಂಪು-ಹಳದಿ ಮಾತ್ರೆ

ರೀ, ಮೊದಲ ಬಸ್ಸಿಗೆ ಕೋಲಾರಕ್ಕೆ, ಅತ್ತೆ ಇರೋ ಆಸ್ಪತ್ರೆಗೆ ಹೋಗ್ತಿದ್ದೀನಿ. ಮುದ್ದೆ ಡಬ್ಬಿಯಲ್ಲಿದೆ. ಉಪ್ಸಾರು ಬಿಸಿ ಮಾಡ್ಕೊಳ್ಳಿ.

ಮಗೂಗೆ ಬರೀ ನೆಗಡಿ. ಇಲ್ಲಿನ ಡಾಕ್ಟ್ರು ಈಗ ಮೊದಲಿನ ಹಾಗೆ ಕೇಳಿದ ತಕ್ಷಣ ಆಂಟಿಬಯೋಟಿಕ್ ಬರೆಯಲ್ಲ, ಬಿಸಿನೀರು ಕುಡಿಸಿ ಅಂದ್ರು. ಅವರನ್ನ ಬೈಕೊಂಡು ಮೆಡಿಕಲ್ಲಿಗೆ ಹೋಗಬೇಡಿ. ದೇವರ ಗೂಡಲ್ಲಿ ಅತ್ತೆ ಮಿಗಿಸಿಟ್ಟಿರೋ ಕೆಂಪು-ಹಳದಿ ಮಾತ್ರೆನೂ ಕೊಡಬೇಡಿ. ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸೋದು, ಉಳಿದಿದ್ದನ್ನ ಮುಂದಿನ ಸಲಕ್ಕೆ ಅಂತ ಎತ್ತಿಡೋದು ನಮ್ಮ ಮನೆ ಪದ್ಧತಿ. ಅತ್ತೆಯ ಸೋಂಕಿಗೆ ಈಗ ಯಾವ ಮಾತ್ರೆಯೂ ನಾಟ್ತಿಲ್ಲವಂತೆ.

"ನನ್ ಮಗ ಸುಬ್ರಮಣಿ ತಂದ್ಕೊಡ್ತಿದ್ದ ಮಾತ್ರೆ ತಗೊಂಡ್ ಬಾಮ್ಮ, ನಂಗೆ ಅದರಲ್ಲೇ ವಾಸಿಯಾಗೋದು" ಅಂತ ನಿನ್ನೆಯೂ ಕೇಳಿದ್ರು. ನಾನು ಹೂಂ ಅಂದೆ. ಆ ಮಾತ್ರೆ ಇನ್ನು ನಾಟಲ್ಲ ಅಂತ ಸಾಯಂಕಾಲ ನೀವೇ ಬಂದು ಅವರಿಗೆ ಹೇಳಿ.

ರಮಾ