ಅವ್ವನ ಬಾಯಿಗೆ ಬೇರೆಯವರ ದನಿ

ನಿರ್ದೇಶಕರಾದ ಚಿರಂತನ್ ಅವರಿಗೆ,

ನಿಮ್ಮ ಕೌಬಾಯ್ ಹಾಸ್ಯಚಿತ್ರದಲ್ಲಿ ಕುರಿ ಕಾಯುವ ಮುದುಕಿಯಾಗಿ ನಟಿಸಿದ ಹೀರಾಬಾಯಿಯ ಮಗಳು ನಾನು. ಶೂಟಿಂಗಿನಲ್ಲಿ ನಿಮ್ಮ ಹೀರೊ ಕಳ್ಳನಿಗೆ ಗುರಿಯಿಟ್ಟು ಅವ್ವನ ಕೊಡ ಒಡೆದ. "ಬಂದೂಕಿನ ಸಾಹೇಬ್ರ, ಕಳ್ಳ ಆ ಕಡಿ ಓಡ್ಯಾನರಿ. ನನ್ನ ಕೊಡಾ ನಿಮಗೇನ್ ಮಾಡಿತ್ತು?" ಎಂದು ಅವ್ವ ತಾನೇ ಮಾತು ಕಟ್ಟಿ ಕೇಳಿದಳು. ನೀವು ಕಣ್ಣೊರೆಸಿಕೊಳ್ಳುತ್ತ ನಕ್ಕಿರಿ, ಇದನ್ನೇ ಇಡುತ್ತೇನೆ ಅಂದಿರಿ.

ಮೊನ್ನೆ ಅವ್ವ ಹೊಸ ಸೀರೆ ಉಟ್ಟು ಆ ಸಿನಿಮಾ ನೋಡಲು ಬೀದರಿನ ಟಾಕೀಸಿಗೆ ಬಂದಿದ್ದಳು. ಪರದೆಯ ಮೇಲೆ ಅವಳ ಬಾಯಿ ಆಡಿತು. ದನಿ ಬೇರೆ ಯಾರದೋ, ನಮ್ಮ ಮಾತನ್ನು ಮೂಗಿನಲ್ಲಿ ಎಳೆದು ಅಣಕಿಸುವವರದು. ಜನ ನಕ್ಕರು.

"ನಾ ಹಿಂಗ ಮಾತಾಡ್ತೇನೇನ, ಸುಜಾತಾ?"

"ಇಲ್ಲವ್ವ, ಅದು ನಿನ್ನ ದನಿ ಅಲ್ಲ" ಅಂದೆ. ಅವಳು ನಂಬಲಿಲ್ಲ.

ಬಂದೂಕಿನ ಹೀರೊಗಳನ್ನು ಗೇಲಿ ಮಾಡುವ ಸಿನಿಮಾ ಅಂದಿದ್ದಿರಿ. ಅವರನ್ನು ಬಿಟ್ಟು ನನ್ನ ಅವ್ವನೇ ಸಿಕ್ಕಳೇ ನಿಮಗೆ? ಈಗ ಅವಳು ಕುರಿಗಳನ್ನು ಕರೆಯುವುದಕ್ಕೂ ಸುತ್ತ ಯಾರಿದ್ದಾರೆಂದು ನೋಡುತ್ತಾಳೆ.

ಟಿವಿಗೆ ಕೊಡುವ ಮೊದಲು ಅವಳ ದನಿ ತಿರುಗಿ ಹಾಕಿ. ನೀವೇ ನಮ್ಮೂರು ಡಾಬಕಾಕ್ಕೆ ಬಂದು, ಜನರೆದುರು ಅವಳಿಗೆ ಕೇಳಿಸಿ.

ನಮಸ್ಕಾರ ಬರೆಯಲು ಮನಸ್ಸಿಲ್ಲ.

ಸುಜಾತಾ
ಡಾಬಕಾ, ಔರಾದ ತಾಲ್ಲೂಕು