ಸೈಲೆನ್ಸರಿಗೆ ನಿಮ್ಮ ಸೀಲು, ಸುಟ್ಟದ್ದು ನಮ್ಮ ಚಿಕ್ಕಪ್ಪನ ಕೈ

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ವಾಡಿಕೆ. ಕೋಪ ಇಳಿದ ದಿನ ಹಾಗೆಯೇ ಕರೆಯುತ್ತೇನೆ. ಸದ್ಯಕ್ಕೆ ವಿಷಯ ಇಷ್ಟು: ನಿಮ್ಮ ಆದೇಶದಿಂದಾಗಿ ರೇಸಿನ ನಡುವೆ ನನ್ನ ಕಾರಿಗೆ ಬೆಂಕಿ ಹತ್ತಿತು. ನನ್ನನ್ನು ಹೊರಗೆಳೆಯಲು ಹೋಗಿ ನಮ್ಮ ಚಿಕ್ಕಪ್ಪನ ಎರಡೂ ಅಂಗೈ ಸುಟ್ಟವು. ಈಗ ಅದೇ ಚಿಕ್ಕಪ್ಪನಿಗೆ, "ಅಜಾಗರೂಕತೆಯಿಂದ ಎಂಜಿನ್ ಟ್ಯೂನ್ ಮಾಡಿದ ನಿಮ್ಮ ಗ್ಯಾರೇಜಿನ ಪರವಾನಗಿಯನ್ನು ಏಕೆ ರದ್ದುಪಡಿಸಬಾರದು" ಎಂದು ನೋಟಿಸ್ ಕಳಿಸಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಜ್ವರ ತರಿಸಿದವರೇ ಬರೆ ಎಳೆಯಲೂ ಬಂದಿದ್ದೀರಿ.

ಗ್ಯಾರೇಜಿನ ಸದ್ದಿನ ಬಗ್ಗೆ ದೂರು ಬಂದಿತ್ತು, ಒಪ್ಪುತ್ತೇನೆ. ಸೈಲೆನ್ಸರ್ ಬಿಚ್ಚಿ, ಹೊಗೆಯನ್ನು ನೇರ ಪೈಪಿನಲ್ಲಿ ಬಿಟ್ಟು ರೇಸ್ ಎಂಜಿನ್ ಟ್ಯೂನ್ ಮಾಡುವಾಗ ಹಿಂದಿನ ಬೀದಿಯ ಪಾತ್ರೆಗಳೂ ಕುಣಿಯುತ್ತವೆ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವಾಕೆ ಬಂದು, "ನಿಮ್ಮ ಕಾರು ಕೂಗಿದಾಗೆಲ್ಲ ನನ್ನ ಹೊಲಿಗೆ ಸೊಟ್ಟಗೆ ಹೋಗುತ್ತೆ ಕಣಣ್ಣ" ಎಂದಾಗ ಚಿಕ್ಕಪ್ಪ ವಾದ ಮಾಡಲಿಲ್ಲ. ಊರಾಚೆ ಒಂದು ಜಾಗ ಕೊಡಿ ಎಂದು ನಿಮ್ಮನ್ನೇ ಕೇಳಿದರು. ನೀವೇನು ಮಾಡಿದಿರಿ? ಸೈಲೆನ್ಸರಿನ ಬೋಲ್ಟುಗಳಿಗೆ ತಂತಿ ಸುತ್ತಿಸಿ ಸೀಸದ ಸೀಲು ಒತ್ತಿಸಿದಿರಿ. "ರೇಸಿನ ದಿನ ನಮ್ಮ ಸಿಬ್ಬಂದಿಯೇ ಬಂದು ಬಿಚ್ಚುತ್ತಾರೆ, ಅಲ್ಲಿಯವರೆಗೆ ಮುಟ್ಟಿದರೆ ಕಾರು ಜಪ್ತಿ" ಎಂದಿರಿ. ಆ ರೇಸಿಗೆ ಅನುಮತಿ ಕೊಟ್ಟವರು ಯಾರು? ನೀವೇ. ನಮ್ಮ ವರ್ಗದ ಕಾರುಗಳೆಲ್ಲ ನೇರ ಪೈಪಿನಲ್ಲೇ ಓಡಬೇಕೆಂಬ ನಿಯಮದ ಕೆಳಗಿನ ಸಹಿ ಯಾರದು? ಅದೂ ನಿಮ್ಮದೇ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವ ಕಚೇರಿಯನ್ನು ನಾನು ಇನ್ನೊಂದು ಕಂಡಿಲ್ಲ.

ಇದೇನು ಬ್ರಹ್ಮವಿದ್ಯೆಯಲ್ಲ. ಸೈಲೆನ್ಸರ್ ಇದ್ದಾಗ ಎಂಜಿನ್ ಉಸಿರು ಬಿಗಿ ಹಿಡಿದಿರುತ್ತದೆ. ಬಿಚ್ಚಿದೊಡನೆ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗದಿದ್ದರೆ ಒಳಗಿನ ಬಿಸಿ ಮಿತಿಮೀರಿ ಪಿಸ್ಟನ್ ಕರಗುತ್ತದೆ. ಹೇಗೆ ಓಡಿಸುತ್ತೇವೋ ಹಾಗೆಯೇ ಟ್ಯೂನ್ ಮಾಡಬೇಕು. ನಿಮ್ಮ ಆದೇಶವೋ, ಮುಚ್ಚಳ ತೆಗೆಯದೆ ಸಾರಿನ ಉಪ್ಪು ನೋಡು ಎಂದ ಹಾಗಿತ್ತು. ಚಿಕ್ಕಪ್ಪ ನಿಮ್ಮ ಮೇಜಿನ ಮುಂದೆ ನಿಂತು ಇದನ್ನೆಲ್ಲ ಹೇಳಿದಾಗ ನೀವು ಫೋನಿನಿಂದ ತಲೆ ಎತ್ತದೆ, "ರೇಸ್ ದಿನ ಸ್ವಲ್ಪ ಬೇಗ ಬಂದು ಅಡ್ಜಸ್ಟ್ ಮಾಡ್ಕೊಳ್ರಿ" ಎಂದಿರಿ.

ಬೇಗ ಬಂದೆವು. ನಿಮ್ಮವರು ಬರಲಿಲ್ಲ. ಕಾರುಗಳು ಓಟ ಶುರುವಾಗುವ ಸಾಲಿಗೆ ಹೊರಟಾಗ ನಿಮ್ಮವರೊಬ್ಬರು ಕಟಿಂಗ್ ಪ್ಲೇಯರ್ ಹಿಡಿದು ಬಂದು ತಂತಿ ಕತ್ತರಿಸಿ, ಟೀ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾವು ಸೈಲೆನ್ಸರ್ ಬಿಚ್ಚಿ ಎಸೆಯುವಷ್ಟರಲ್ಲೇ ಹೊತ್ತು ಮುಗಿಯಿತು; ಟ್ಯೂನ್ ಮಾಡಲು ಸಮಯ ಉಳಿಯಲಿಲ್ಲ.

"ಅಂದಾಜಿನ ಮೇಲೆ ಪೆಟ್ರೋಲು ಏರಿಸಿದೀನಿ ಪುಟ್ಟಿ. ಮೊದಲ ಸುತ್ತು ಮೆತ್ತಗೆ ಹೋಗು. ನಾನು ತಿರುವಿನಲ್ಲಿ ನಿಂತು ಸದ್ದು ಕೇಳ್ತಿರ್ತೀನಿ, ಕೈ ಎತ್ತಿದ್ರೆ ಆಫ್ ಮಾಡ್ಬಿಡು" ಎಂದರು ಚಿಕ್ಕಪ್ಪ. ಅವರು ಕೈ ಎತ್ತಿದ್ದು ಕಂಡಿತು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ, ಅಂದಾಜಿನ ಪೆಟ್ರೋಲು ಸಾಲದೆ ಪಿಸ್ಟನ್ ಕರಗಿ ಒಡೆಯಿತು; ಆಯಿಲ್ ಚಿಮ್ಮಿ, ಕಾದು ಕೆಂಪಾಗಿದ್ದ ಪೈಪಿನ ಮೇಲೆ ಬಿದ್ದು ಹತ್ತಿಕೊಂಡಿತು. ನನ್ನ ಬೆಲ್ಟು ಬಿಚ್ಚಿಕೊಳ್ಳಲಿಲ್ಲ. ಬೆಂಕಿ ಆರಿಸುವವರಿಗಿಂತ ಮೊದಲು ಓಡಿ ಬಂದ ಚಿಕ್ಕಪ್ಪ ಬರಿಗೈಯಲ್ಲಿ ಬಾಗಿಲು ಎಳೆದು, ಕಾದ ಬಕಲನ್ನು ಒತ್ತಿ ಹಿಡಿದು ಬಿಡಿಸಿದರು. ನನಗೆ ಒಂದು ಗೀರೂ ಆಗಲಿಲ್ಲ.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಮ್ಮ ನೋಟಿಸ್ ಬಂತು. ತಂದ ನೌಕರ, "ಸಹಿ ಹಾಕಿ ತಗೋಬೇಕು" ಎಂದ. ಚಿಕ್ಕಪ್ಪ ಬ್ಯಾಂಡೇಜು ಸುತ್ತಿದ ಎರಡೂ ಕೈ ತೋರಿಸಿದರು.

"ಸರಿ, ಹೆಬ್ಬೆಟ್ಟಾದ್ರೂ ಒತ್ತಿ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, "ಅದರೊಳಗೆ ಎಲ್ಲೋ ಇದೆ ನೋಡಪ್ಪ, ನೀನೇ ಹುಡುಕಿ ಒತ್ತಿಸ್ಕೋ" ಎಂದರು. ಪಾಪ, ಅವನು ನೋಟಿಸನ್ನು ಅಲ್ಲೇ ಇಟ್ಟು ತಲೆ ತಗ್ಗಿಸಿ ಹೋದ. ಅವನ ಮೇಲೆ ನನಗೆ ಕೋಪವಿಲ್ಲ. "ಕೈ ವಾಸಿ ಆದ್ಮೇಲೆ ಎಲ್ಲಿ ಕೆಲಸ ಮಾಡ್ಲಿ?" ಎಂದು ಚಿಕ್ಕಪ್ಪ ನನ್ನನ್ನು ಕೇಳುತ್ತಾರೆ. ಗ್ಯಾರೇಜು ಬಿಟ್ಟು ಅವರಿಗೆ ಬೇರೆ ಬದುಕು ಗೊತ್ತಿಲ್ಲ. ನಾನೇನು ಹೇಳಲಿ, ನೀವೇ ಹೇಳಿ.

ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ರೇಸಿನ ಹಿಂದಿನ ದಿನ ಟ್ರ್ಯಾಕ್ ತೆರೆಸಿ, ಎಂಜಿನ್ನುಗಳನ್ನು ಅಲ್ಲಿಯೇ ನೇರ ಪೈಪಿನಲ್ಲಿ ಟ್ಯೂನ್ ಮಾಡಲು ಬಿಡಿ. ಸುತ್ತಮುತ್ತ ಒಂದು ಮನೆಯೂ ಇಲ್ಲ. ಇಲ್ಲ, ಆದೇಶ ಸರಿಯಾಗಿಯೇ ಇತ್ತು, ತಪ್ಪೆಲ್ಲ ಟ್ಯೂನ್ ಮಾಡಿದವರದು ಅನ್ನುವುದಾದರೆ ಅದನ್ನು ಕಾಗದದಲ್ಲಿ ಹೇಳಬೇಡಿ. ಇನ್ನೊಂದು ಎಂಜಿನ್ ಕೂರಿಸುತ್ತೇವೆ, ನೀವು ಹೇಳಿದಂತೆ ಸೀಲು ಹಾಕಿಯೇ ಟ್ಯೂನ್ ಮಾಡಿಸುತ್ತೇವೆ, ನಿಮಗಾಗಿ ಒಂದು ಸೀಟನ್ನೂ ಜೋಡಿಸುತ್ತೇವೆ. ಬಂದು ಸೀಲನ್ನು ನೀವೇ ಬಿಚ್ಚಿ ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ಒಂದೇ ಸುತ್ತು. ಬೆಂಕಿ ಹತ್ತಿದರೆ ನಿಮ್ಮನ್ನು ಹೊರಗೆಳೆಯಲು ಯಾರು ಓಡಿ ಬರುತ್ತಾರೆ ಎಂಬುದನ್ನು ಮಾತ್ರ ನಿಮ್ಮ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡು ಬನ್ನಿ.

ಇಂತಿ,
ಚಿಕ್ಕಪ್ಪನಿಗೆ ಈಗ ತುತ್ತು ಮಾಡಿ ತಿನ್ನಿಸುತ್ತಿರುವ,
ಎರಡೂ ಕೈ ನೆಟ್ಟಗಿರುವ ಅಣ್ಣನ ಮಗಳು