ಹರಿದ ಕಿವಿಯ ಹೆಂಗಸು

ವಿಚೆಂಜಾ,
ಮಾರ್ಚ್ ೯, ೧೫೬೧

ಬಾಲ್ದಸ್ಸಾರೆ ಅವರಿಗೆ,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳುವಷ್ಟು ತಾಳ್ಮೆ ಇಲ್ಲ.

ನಿಮ್ಮ ಪುಸ್ತಕ ಇಲ್ಲಿ ತವರಿಗೆ ತಲುಪಿತು. ವೆನಿಸ್ಸಿನ ಅಚ್ಚು, ಕರುವಿನ ಚರ್ಮದ ಹೊದಿಕೆ, ಬೆರಳುದ್ದದ ಅಕ್ಷರಗಳಲ್ಲಿ ನಿಮ್ಮ ಹೆಸರು. ಅಪ್ಪ ಊಟಕ್ಕೆ ಬಂದವರಿಗೆಲ್ಲ ತೋರಿಸಿದರು. "ಹಳೇ ಪಂಡಿತರು ಸಾವಿರ ವರ್ಷ ಕಾಣದ್ದನ್ನ ನಮ್ಮ ಅಳಿಯಂದಿರು ಹೆಣದ ಮೈ ಬಿಚ್ಚಿ ನೋಡಿದಾರೆ ಕಣ್ರಯ್ಯಾ!" ಎಂದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ?

ಆಮೇಲೆ ನಮ್ಮ ಫಿಯೊರೆ ಹಾಳೆ ತಿರುವಿದಳು. ಕುತ್ತಿಗೆಯ ನರಗಳನ್ನು ಬಿಡಿಸಿ ತೋರಿಸಿದ ಚಿತ್ರದ ಹತ್ತಿರ ಅವಳ ಕೈ ನಿಂತಿತು.

"ಅಮ್ಮಾ, ಇದು ನಮ್ಮ ಓರ್ಸೊಲಾ ಅಲ್ವಾ?"

"ಹುಚ್ಚಿ, ಸತ್ತವರ ಮುಖ ಎಲ್ಲಾ ಒಂದೇ ಥರ ಇರತ್ತೆ" ಎಂದು ಗದರಿದೆ. ಅವಳು ಚಿತ್ರದ ಕಿವಿಯ ಮೇಲೆ ಬೆರಳಿಟ್ಟಳು. ಹಾಲೆ ಎರಡಾಗಿ ಸೀಳಿತ್ತು. ಕೂಸಾಗಿದ್ದಾಗ ಓರ್ಸೊಲಾಳ ಹಾಲು ಕುಡಿಯುತ್ತಲೇ ಓಲೆ ಜಗ್ಗಿ ಅದನ್ನು ಹರಿದವಳು ಇವಳೇ. ಎಂಥ ಕೈ ನಿಮ್ಮ ಚಿತ್ರಕಾರನದು! ಒಂದು ಗಾಯವನ್ನೂ ಬಿಟ್ಟಿಲ್ಲ.

ಕೆಳಗಿನ ಲ್ಯಾಟಿನ್ ಸಾಲನ್ನು ಅಪ್ಪನಿಂದ ಓದಿಸಿದೆ. "ತನ್ನವರಿಲ್ಲವೆಂದು ಆಸ್ಪತ್ರೆ ಬಿಟ್ಟುಕೊಟ್ಟ, ದಿಕ್ಕಿಲ್ಲದ ಒಬ್ಬ ಹೆಂಗಸು." ಎಂಟು ವರ್ಷ ನಮ್ಮ ಮನೆಯಲ್ಲಿದ್ದವಳು! ನಿಮ್ಮ ಮಗಳಿಗೆ ಹಾಲೂಡಿಸಿದವಳು, ನಿಮಗೆ ಜ್ವರ ಬಂದಾಗ ವಾಂತಿ ಬಳಿದವಳು. ಅವಳ ಹೆಸರು ಬರೆದಿದ್ದರೆ ನಿಮ್ಮ ಶಾಸ್ತ್ರಕ್ಕೆ ಮೈಲಿಗೆಯಾಗುತ್ತಿತ್ತೇ?

ಹೋದ ವರ್ಷದ ಚಳಿಗಾಲದಲ್ಲಿ ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಾಗ ನೀವು ಮನೆಗೆ ಬಂದು ಹೇಳಿದ್ದು ನೆನಪಿದೆಯೇ? "ಮಣ್ಣು ಮಾಡಿಸಿ ಬಂದೆ ಕಣೇ. ಪಾದ್ರಿಗಳೂ ಬಂದಿದ್ರು." ಗೋರಿಯನ್ನೂ ತೋರಿಸಿದಿರಿ. ಅಲ್ಲಿ ತಿಂಗಳು ತಿಂಗಳು ಮಂಡಿಯೂರಿ ಮೇಣದ ಬತ್ತಿ ಹಚ್ಚಿದ್ದೇನೆ. ಯಾರ ಗೋರಿ ಅದು?

ನೀವು ಕಲಿತದ್ದರಿಂದ ಯಾರಾದರೂ ಬದುಕಿಯಾರು. ಅದನ್ನು ಅಲ್ಲಗಳೆಯುವಷ್ಟು ದಡ್ಡಿ ನಾನಲ್ಲ. ಆದರೆ ಕೇಳಿ ಪಡೆಯಬಹುದಾಗಿದ್ದನ್ನು ಕದ್ದಿರಿ. ಕದ್ದು, ಸುಳ್ಳು ಗೋರಿಯ ಮುಂದೆ ನನ್ನನ್ನು ಅಳಿಸಿದಿರಿ.

ಅವಳ ಎಲುಬುಗಳನ್ನು ತಂತಿಯಲ್ಲಿ ಪೋಣಿಸಿ ಪಾಠದ ಕೋಣೆಯಲ್ಲಿ ತೂಗುಹಾಕಿದ್ದೀರಂತೆ, ಪುಸ್ತಕದಲ್ಲೇ ಇದೆ. ಇಳಿಸಿ. ಈಸ್ಟರ್ ಹಬ್ಬದೊಳಗೆ ಹೆಸರು ಹೇಳಿ ಮಣ್ಣು ಮಾಡಿಸಿ. ಅಲ್ಲಿಯವರೆಗೆ ನಾನೂ ಮಗಳೂ ಪಾದುವಾದ ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಜಿನೆವ್ರಾ

ಮ.ವಿ.: ಪತ್ರ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಓರ್ಸೊಲಾಳನ್ನು ಆಸ್ಪತ್ರೆಗೆ ಸೇರಿಸಿದವಳು ನಾನು. "ಇವಳಿಗೆ ತನ್ನವರು ಅಂತ ಯಾರಿದಾರಮ್ಮಾ?" ಎಂದು ಅಲ್ಲಿಯ ಸನ್ಯಾಸಿನಿ ಕೇಳಿದರು. ಫೆಲ್ತ್ರೆಯಲ್ಲಿ ತಮ್ಮನಿದ್ದಾನೆಂದು ನನಗೆ ಗೊತ್ತಿತ್ತು. ನಾವಿದ್ದೇವೆ ಎಂದರೆ ಅವಳನ್ನು ಆ ಅಂಟುವ ಕೆಮ್ಮಿನ ಸಮೇತ ವಾಪಸು ಕಳಿಸಿಯಾರು, ಮನೆಯಲ್ಲಿ ಮಗುವಿದೆ ಎಂದು ಹೆದರಿದೆ. "ಯಾರೂ ಇಲ್ಲ" ಎಂದೆ. ಅವಳಿಗೆ ಆಗಿನ್ನೂ ಪ್ರಜ್ಞೆಯಿತ್ತು.